ಮಾವನ ಬಸ್ಕಿ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಮೂರ್ನಾಡಿನ ಹತ್ತಿರದ ಮನೆಯ ಜಗಲಿಯಲ್ಲಿ ಕುರ್ಚಿಯ ಮೇಲೆ ಮಾವ, ಕಂಬಕ್ಕೊರಗಿ ಅವರ ಹಿರಿಮಗ ಭಾವ, ಬಾಗಿಲಲ್ಲಿ ಭಾವನ ಹೆಂಡತಿ ಅಕ್ಕ, ಪಕ್ಕದಲ್ಲಿ ಕಿರಿಸೊಸೆ ನಾನು. ಡಾಕ್ಟರು ಮಾವನ ತೊಡೆ ಹಿಡಿದು ನೋಡಿದರು. ಒಂದೇ ಹಿಡಿಗೆ ಸಿಕ್ಕಿತು.

"ಕಾಯಿಲೆ ಇಲ್ಲ. ವಯಸ್ಸಿಗೆ ಮಾಂಸಖಂಡ ಕರಗಿದೆ. ದಿನಾ ಮೊಟ್ಟೆ, ಬೇಳೆ, ಮೀನು ಕೊಡಿ. ಕೈ ಊರದೆ ಕುರ್ಚಿಯಿಂದ ಏಳಲಿ, ಕೂರಲಿ. ಬೆಳಿಗ್ಗೆ, ಸಾಯಂಕಾಲ."

ಮಾವನಿಗೆ ಬೇಕಾಗಿದ್ದುದು ಒಂದೇ. ಕೋವಿ, ಕತ್ತಿಗಳಿಗೆ ಪೂಜೆ ಮಾಡುವ ಕೈಲ್ ಮುಹೂರ್ತದ ದಿನ ನಮ್ಮ ಮನೆಯಲ್ಲಿ ಹಿರಿಯರು ಎದ್ದು ನಿಂತು ತೆಂಗಿನಕಾಯಿಗೆ ಮೊದಲ ಗುಂಡು ಹೊಡೆಯಬೇಕು. ನಿಲ್ಲಲಾರದವರ ಕೋವಿ ಮಗನ ಕೈಗೆ ಹೋಗುತ್ತದೆ.

ಮಾರನೆಯ ದಿನವೇ ಶುರು ಮಾಡಿದರು. ಮೊದಲು ಕಂಬ ತಬ್ಬಿ, ಆಮೇಲೆ ಬರೀ ಬೆರಳು ತಾಗಿಸಿ. "ವಯಸ್ಸಾದವ್ಕೆ ಮೊಟ್ಟೆ ಹೀಟು" ಎಂದು ಅಕ್ಕ ತಟ್ಟೆ ತೆಗೆದು ಗಂಜಿ ಇಡುತ್ತಿದ್ದರು. ನಾನು ಗಂಜಿಯೊಳಗೇ ಮೊಟ್ಟೆ ಕಿವುಚಿಟ್ಟೆ. ಮಳೆ ಇಳಿಮುಖವಾಗುವ ಹೊತ್ತಿಗೆ ಮಾವ ಏನನ್ನೂ ಹಿಡಿಯದೆ ಎದ್ದರು.

ಅದನ್ನು ಭಾವ ನೋಡಿದರು. "ಯಾವ ತಪ್ಪಿಗೆ ಅಪ್ಪಾ ಈ ಬಸ್ಕಿ?"

ಆ ಮಾತಿಗೆ ಅಲ್ಲಿ ಬೇರೆಯೇ ತೂಕವಿತ್ತು. ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ರೈಟರಾಗಿದ್ದಾಗ ಮಾವ, ತಡವಾಗಿ ಬಂದ ಆಳುಗಳಿಂದ ಕಿವಿ ಹಿಡಿಸಿ ಬಸ್ಕಿ ಹೊಡೆಸುತ್ತಿದ್ದರು. ಭಾವ ಅಷ್ಟಕ್ಕೇ ಬಿಡಲಿಲ್ಲ. ಕಳೆ ತೆಗೆದು ಲೈನ್ ಮನೆಗಳಿಗೆ ಹೊರಟ ಆಳುಗಳನ್ನು ಕೂಗಿದರು: "ರೈಟ್ರ ಬಸ್ಕಿ ನೋಡಿಕೆ ಬನ್ನಿ!"

ಬಂದವರಲ್ಲಿ ಹಲ್ಲುದುರಿದ ಒಬ್ಬ ಕಿರುಚಿದ: "ಕಿವಿ ಹಿಡ್ಕೊಳ್ಳಿ ರೈಟ್ರೇ! ಕಿವಿ ಬಿಟ್ಟದ್ದು ಲೆಕ್ಕಕ್ಕಿಲ್ಲ ಅಂತ ನೀವೇ ಹೇಳ್ತಿದ್ರಿ!"

ಅಂಗಳವೆಲ್ಲ ನಕ್ಕಿತು. ಅರ್ಧ ಎದ್ದಿದ್ದ ಮಾವ ಹಾಗೆಯೇ ಕೂತರು.

ಮತ್ತೆ ಏಳಲು ಒಪ್ಪಲಿಲ್ಲ. "ಯಾರೂ ಇಲ್ಲೆ ಮಾವ, ಏಳಿ" ಎಂದು ಗೋಗರೆದೆ.

"ಬೊತ್ತು. ಬಸ್ಕಿ ಹೊಡೆಯೊದು ಆಳ್‌ಗ, ನಾನಲ್ಲ."

ಕೈಲ್ ಮುಹೂರ್ತ ಬಂತು. ಮರಕ್ಕೆ ಕಾಯಿ ಕಟ್ಟಿದ್ದರು, ನೆಂಟರು ತುಂಬಿದ್ದರು. ತೊಡೆಯ ಮೇಲೆ ಕೋವಿ ಇಟ್ಟುಕೊಂಡು ಮಾವ ತಿಣುಕಿದರು. ಭಾವ ಕಂಕುಳಿಗೆ ಕೈ ಹಾಕಲು ಬಂದಾಗ "ನಾನೇ ಏಳ್ನೆ!" ಎಂದು ಗದರಿದರು. ಏಳಲಾಗಲಿಲ್ಲ. ಭಾವ ಕೋವಿ ಎತ್ತಿಕೊಂಡು ಹೋಗಿ ಮೊದಲ ಏಟಿಗೇ ಕಾಯಿ ಒಡೆದರು.

ಊಟಕ್ಕೆ ಎಲ್ಲರಿಗೂ ಕಡುಬು, ಹಂದಿ ಸಾರು, ಮಾವನಿಗೆ ಗಂಜಿ. ಒಂದು ತುಂಡು ಕೇಳಿದರು.

"ಎದ್ದ್ ಬಂದ್ ತಕಣಿ ಅಪ್ಪಾ" ಎಂದರು ಭಾವ. ನೆಂಟರೂ ನಕ್ಕರು.

ತುಲಾ ಸಂಕ್ರಮಣಕ್ಕೆ ಮುಂಚೆ ಮಾವ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡರು. ಹೊಸ ಕದಿರು ತರುವ ಹುತ್ತರಿಯ ಹೊತ್ತಿಗೆ ಅವರಿರಲಿಲ್ಲ.