ಸರಸತ್ತೆ ಮತ್ತು ನಾಲ್ಕೂವರೆ ನಕ್ಷತ್ರದ ಬಾಗಿಲು

ಆ ಮಧ್ಯಾಹ್ನ ಸರಸತ್ತೆ ನನಗೆ ಹೇಳಿದ್ದರೋ ಇಲ್ಲವೋ, ಇವತ್ತಿಗೂ ನನಗೆ ಖಚಿತವಿಲ್ಲ. ಹೇಳಿದ್ದೆ ಎನ್ನುತ್ತಾರೆ ಅವರು. ಹೇಳಲಿಲ್ಲ ಎನ್ನುತ್ತದೆ ನನ್ನ ನೆನಪು. ತೊಂದರೆ ಏನೆಂದರೆ, ನನ್ನ ನೆನಪು ನನ್ನ ಮನೆಯಲ್ಲೇ ಊಟ ಮಾಡುವ ಸಾಕ್ಷಿ. ಅದು ನನ್ನ ವಿರುದ್ಧ ಮಾತಾಡಿದ್ದನ್ನು ನಾನು ಬಹಳ ಸಲ ಕೇಳಿಲ್ಲ.

ಕಳೆದ ಭಾನುವಾರ ಹೆಂಡತಿಯ ಜೊತೆ ಚಾಮರಾಜನಗರದಿಂದ ಬರುವಾಗ ನಂಜನಗೂಡು ದಾಟಿದ ಮೇಲೆ ಒಂದು ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿದೆ. ಪೆಟ್ರೋಲಿಗಲ್ಲ. ಹಿಂದುಗಡೆ ಆಗತಾನೆ ತೊಳೆದ ನೆಲ, ಮೂಗಿಗೆ ಹೊಡೆಯುವ ಫಿನಾಯಿಲ್. ಪಕ್ಕದ ಗೋಡೆಯ ಮೇಲೆ ಯಾರೋ ಬಿಟ್ಟುಹೋದ ಒಂದು ಮೊಳ ಮಲ್ಲಿಗೆ. ಎರಡೂ ವಾಸನೆ ಒಟ್ಟಿಗೆ ಬಂದದ್ದೇ ತಡ, ಮೈಸೂರಿನ ದೇವರಾಜ ಮೊಹಲ್ಲಾದ ಆ ಗಲ್ಲಿ ಕಣ್ಣ ಮುಂದೆ ನಿಂತುಬಿಟ್ಟಿತು. ಮನೆಗೆ ಬಂದು ಇದನ್ನು ಬರೆಯಲು ಕೂತೆ.

ಮೊದಲು ನನ್ನ ಹುಚ್ಚೊಂದನ್ನು ಹೇಳಿಬಿಡಬೇಕು. ಕೆಲವರು ಊರಿಗೆ ಹೊರಟರೆ ದೇವಸ್ಥಾನ ಹುಡುಕುತ್ತಾರೆ, ಕೆಲವರು ಒಳ್ಳೆಯ ದೋಸೆ ಹುಡುಕುತ್ತಾರೆ. ನಾನು ಶೌಚಾಲಯ ಹುಡುಕುತ್ತೇನೆ. ಫೋನಿನಲ್ಲಿ ಅದಕ್ಕೆಂದೇ ಎರಡು ಆ್ಯಪ್ ಇವೆ, ಮ್ಯಾಪ್ ಬೇರೆ. ಎಲ್ಲಿ ಶೌಚಾಲಯವಿದೆ, ಎಷ್ಟು ಹೊತ್ತು ತೆರೆದಿರುತ್ತದೆ, ನೀರು ಬರುತ್ತದೆಯೇ, ಚಿಲಕ ಬೀಳುತ್ತದೆಯೇ, ಎಲ್ಲವೂ ಅವುಗಳಲ್ಲಿ ಸಿಗುತ್ತದೆ. ಹೋಗಿಬಂದವರು ನಕ್ಷತ್ರ ಕೊಡುತ್ತಾರೆ. ಈ ವಿದ್ಯೆಯಿಂದ ನಮ್ಮ ಬಳಗದಲ್ಲಿ ನನಗೆ ಒಂದು ಸ್ಥಾನವೇ ಸಿಕ್ಕಿತ್ತು. "ಭಾವ, ಅರಸೀಕೆರೆ ಹತ್ರ ಇದೀವಿ, ಕ್ಲೀನಾಗಿರೋದು ಒಂದು ಹೇಳಿ" ಎಂದು ನನ್ನ ಮೈದುನ ಫೋನ್ ಮಾಡುತ್ತಿದ್ದ. ನಾನು ಹೂಟಗಳ್ಳಿಯ ನಮ್ಮ ಮನೆಯ ಸೋಫಾದ ಮೇಲೆ ಕೂತು ಅವನನ್ನು ಎಡಕ್ಕೆ, ಬಲಕ್ಕೆ ತಿರುಗಿಸುತ್ತಿದ್ದೆ. ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ, ಮೇಟಗಳ್ಳಿಯ ಒಂದು ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವನಿಗೆ ಯಾರ ಮಾತನ್ನೂ ಸುಮ್ಮನೆ ನಂಬುವ ಅಭ್ಯಾಸವಿಲ್ಲ. ಅಳತೆ ಇರಬೇಕು, ದಾಖಲೆ ಇರಬೇಕು. ಆ್ಯಪಿನಲ್ಲಿ ಎರಡೂ ಇದ್ದವು.

ಸರಸತ್ತೆ ನನ್ನ ತಂದೆಯ ತಂಗಿ. ಮದುವೆಯಾಗಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು, ಈಗ ನಮ್ಮ ಜೊತೆಗೇ ಇದ್ದಾರೆ. ವಯಸ್ಸು ಎಪ್ಪತ್ತರ ಹತ್ತಿರ. ಟ್ರಂಕ್ ಕಾಲ್ ಕಾಲದಲ್ಲಿ ಕಿವಿಗೆ ಹೆಡ್‌ಸೆಟ್ ಏರಿಸಿ ಬೋರ್ಡಿನ ಮುಂದೆ ಕೂತರೆ, ಎದ್ದು ಹೋಗಲು ಕೈ ಎತ್ತಿ ಕಾಯಬೇಕಿತ್ತಂತೆ. ಬದಲಿಯವರು ಬಂದು ಕೂರುವ ತನಕ ಏಳುವಂತಿಲ್ಲ. "ಇಡೀ ಮೈಸೂರಿನ ಮಾತು ನಮ್ಮ ಕೈಲಿ, ನಮ್ಮ ಹೊಟ್ಟೆ ಮಾತ್ರ ಸೂಪರ್‌ವೈಸರ್ ಕೈಲಿ" ಎಂದು ನಗುತ್ತಾರೆ. ಹಾಗಾಗಿ ತಡೆದುಕೊಳ್ಳುವುದರಲ್ಲಿ ಅವರು ಪಳಗಿದವರು. ಹೊರಗೆ ಹೋಗುವ ದಿನ ಬೆಳಗಿನಿಂದ ನೀರು ಮುಟ್ಟುವುದಿಲ್ಲ. ಯಾರ ಮನೆಗೆ ಅರಿಸಿನ ಕುಂಕುಮಕ್ಕೆ ಹೋದರೂ ಪಾನಕದ ಲೋಟವನ್ನು ತುಟಿಗೆ ತಾಗಿಸಿ ಕೆಳಗಿಡುತ್ತಾರೆ. ಇದನ್ನು ನಾನು ಬಹಳ ವರ್ಷ ಮಡಿ ಎಂದುಕೊಂಡಿದ್ದೆ.

ಎರಡು ವರ್ಷದ ಹಿಂದೆ, ಗೌರಿ ಹಬ್ಬಕ್ಕೆ ಎರಡು ದಿನ ಇರುವಾಗ, ನಾವಿಬ್ಬರೇ ಮಾರುಕಟ್ಟೆಗೆ ಹೋದೆವು. ಬಾಗಿನಕ್ಕೆ ಮೊರ, ಬಳೆ, ಬಿಚ್ಚೋಲೆ, ವೀಳ್ಯದೆಲೆ ಆಗಬೇಕಿತ್ತು. ಬಿಚ್ಚೋಲೆ ಎಲ್ಲಿ ಸಿಗುತ್ತದೆ ಎಂಬುದು ಅತ್ತೆಗೆ ಗೊತ್ತು, ಚೀಲ ಹೊರುವುದು ನನಗೆ ಗೊತ್ತು. ಜನಜಂಗುಳಿ. ಎಲ್ಲ ಮುಗಿದು ಹೂವಿನ ಸಾಲಿನ ಹಿಂದಿನ ಗಲ್ಲಿಯ ತಿರುವಿಗೆ ಬಂದಾಗ ಅತ್ತೆ ನಿಂತರು.

"ಸ್ವಲ್ಪ ಹೋಗ್ಬೇಕಾಗಿತ್ತಲ್ಲೋ."

ಆ ದಿನಗಳಲ್ಲಿ ಅವರಿಗೆ ಕಾಲು ಬಾವು ಬರುತ್ತಿತ್ತು. ಡಾಕ್ಟರು ಬೆಳಿಗ್ಗೆ ಒಂದು ನೀರಿನ ಮಾತ್ರೆ ಬರೆದಿದ್ದರು, ಮೈಯಲ್ಲಿ ನಿಂತ ನೀರನ್ನು ಹೊರಗೆ ಕಳಿಸುವ ಮಾತ್ರೆ. ಆವತ್ತು ಅದನ್ನು ನುಂಗಿಯೇ ಹೊರಟಿದ್ದರು. ಅವರ ಹಳೆಯ ಪಳಗಿದ ವಿದ್ಯೆ ಆ ಮಾತ್ರೆಯ ಮುಂದೆ ನಡೆಯುವಂಥದ್ದಲ್ಲ.

ನಾನು ಉತ್ಸಾಹದಿಂದ ಫೋನ್ ತೆಗೆದೆ. ನಿಜ ಹೇಳಬೇಕೆಂದರೆ ಸಂತೋಷವೇ ಆಯಿತು. ನನ್ನ ವಿದ್ಯೆಯನ್ನು ಮನೆಯ ಹಿರಿಯರ ಮುಂದೆ ತೋರಿಸುವ ಅವಕಾಶ ಅದು. ನಾವು ನಿಂತಿದ್ದ ಗಲ್ಲಿಯಲ್ಲೇ ಒಂದು ಶೌಚಾಲಯದ ಗುರುತಿತ್ತು, ಕೆಳಗೆ ಕೆಂಪಕ್ಷರದಲ್ಲಿ "ಶಾಶ್ವತವಾಗಿ ಮುಚ್ಚಲಾಗಿದೆ." ಇನ್ನೊಂದು, ಒಂದು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು ದೂರದಲ್ಲಿ, ನಾಲ್ಕೂವರೆ ನಕ್ಷತ್ರದ್ದು. "ಸೂಪರ್ ಕ್ಲೀನ್," "ನೀಟಾಗಿದೆ ಬಾಸ್," "ಮೈಸೂರಿಗೆ ಹೆಮ್ಮೆ."

ಇಲ್ಲಿಯೇ ಎಲ್ಲೋ ಅತ್ತೆ ಏನೋ ಅಂದರು. ಏನೋ ಅಂದದ್ದು ನೆನಪಿದೆ, ಏನು ಅಂದರು ಎಂಬುದು ನೆನಪಿಲ್ಲ. ನಾನು "ಬನ್ನಿ ಅತ್ತೆ, ಹತ್ತು ನಿಮಿಷ" ಅಂದೆ.

ಆಟೋ ಸಿಗಲಿಲ್ಲ. ಆ ಜಂಗುಳಿಯಲ್ಲಿ ಸಿಕ್ಕಿದ್ದರೂ ನಡೆದಷ್ಟೇ ಹೊತ್ತು ಹಿಡಿಯುತ್ತಿತ್ತು. ಅತ್ತೆ ಹಿಂದೆ ಬೀಳುತ್ತಿದ್ದರು, ನಾನು ಫೋನಿನ ನೀಲಿ ಚುಕ್ಕೆ ನೋಡುತ್ತಾ ಮುಂದೆ. ಹತ್ತು ನಿಮಿಷ ಇಪ್ಪತ್ತೈದಾಯಿತು. ಆ್ಯಪು ಸುಳ್ಳು ಹೇಳಿರಲಿಲ್ಲ. ಬಾಗಿಲು ತೆರೆದಿತ್ತು, ಟೈಲ್ಸ್ ಹೊಳೆಯುತ್ತಿತ್ತು, ಹೊರಗೆ ಸ್ಟೂಲಿನ ಮೇಲೆ ಒಬ್ಬ ಕಾವಲಿನವನು ಕೂತಿದ್ದ.

"ಲೇಡೀಸ್ ಇಲ್ಲ ಸಾರ್ ಇಲ್ಲಿ. ಜೆಂಟ್ಸ್‌ಗೆ ಮಾತ್ರ. ಬೋರ್ಡ್ ನೋಡ್ಲಿಲ್ವಾ?"

ನಕ್ಷತ್ರ ಕೊಟ್ಟವರ ಹೆಸರುಗಳನ್ನು ಆಗ ಓದಿದೆ. ಒಂದೂ ಹೆಣ್ಣಿನ ಹೆಸರಿಲ್ಲ. ಕಾರ್ಖಾನೆಯಲ್ಲಿ ಇಂಥ ಒಂದೇ ಕಡೆಯ ಸ್ಯಾಂಪಲ್ ತಂದು ಯಾರಾದರೂ "ಎಲ್ಲಾ ಸರಿಯಿದೆ" ಅಂದಿದ್ದರೆ ನಾನು ಕಾಗದವನ್ನು ಅವನ ಮೇಜಿಗೇ ವಾಪಸು ಎಸೆಯುತ್ತಿದ್ದೆ.

ಎದುರಿಗೆ ಒಂದು ಹೋಟೆಲಿತ್ತು. "ಅತ್ತೆ, ನೀವು ಸೀದಾ ಒಳಗೆ ಹೋಗಿ, ಹಿಂದುಗಡೆ ಇರತ್ತೆ" ಅಂದೆ.

"ಸೀದಾ ನುಗ್ಗೋಕೆ ಅದೇನು ಮಾವನ ಮನೆಯೇನೋ? ಏನಾದ್ರೂ ತಗೊಂಡು ಹೋಗೋಣ" ಅಂದರು ಸರಸತ್ತೆ. ಏನೂ ತಿನ್ನದೆ, ಕುಡಿಯದೆ ಹೋಟೆಲಿನ ಆ ಬಾಗಿಲು ತಳ್ಳುವುದು ಅವರ ಲೆಕ್ಕದಲ್ಲಿ ಭಿಕ್ಷೆಗಿಂತ ಕಡೆ. ಕೂತರು. ಎರಡು ಕಾಫಿ ಹೇಳಿದರು. ಕಾಫಿ ಬರುವ ತನಕ ಎದ್ದು ಹೋಗುವುದು ಮರ್ಯಾದೆಯಲ್ಲ ಎಂದು ಕಾದರು. ನನಗೆ ಒಳಗೊಳಗೇ ನಗು. ಹೊರಗೆ ಹಾಕಲು ಬಂದವರು ಒಳಗೆ ಹಾಕಿಕೊಳ್ಳುತ್ತಾರಲ್ಲ ಎಂದು. ಕಾಫಿ ಬಂತು. ಅತ್ತೆ ಏಳಲಿಲ್ಲ. ಮೇಜಿನ ಅಂಚು ಹಿಡಿದು ಕೂತೇ ಇದ್ದರು. ಆಮೇಲೆ ನೀರಿನ ಲೋಟ ಎತ್ತಿ, ನನ್ನ ಮುಖ ನೋಡದೆ, ಮಡಿಲಿಗೆ ಸುರಿದುಕೊಂಡರು. ಅಷ್ಟೂ ನೀರು.

"ಅಯ್ಯೋ, ಚೆಲ್ಬುಟ್ಟೆ ಕಣೋ. ನೋಡು, ಸೀರೆಯೆಲ್ಲ ಒದ್ದೆ ಆಗೋಯ್ತು."

ಮಾಣಿ ಬಟ್ಟೆ ತಂದ. ನಾನು "ಏನತ್ತೆ ಇದು, ಸರಿಯಾಗಿ ಹಿಡ್ಕೊಳ್ಳೋದಲ್ವಾ" ಎಂದು ಗದರಿದೆ. ಗದರಿದ್ದು ಸ್ಪಷ್ಟವಾಗಿ ನೆನಪಿದೆ. ಮನೆಗೆ ಬಂದ ಮೇಲೆ ಆ ಸೀರೆಯನ್ನು ನೆನೆಸಲು ಹೋದ ನನ್ನ ಹೆಂಡತಿ ವೀಣಾ ಬಚ್ಚಲಿನಿಂದ ಬಂದು, ಕೈ ಒರೆಸಿಕೊಳ್ಳುತ್ತಾ, ಮೆಲ್ಲಗೆ, "ಅದು ನೀರಲ್ಲ ಕಣ್ರೀ" ಅಂದಾಗಲೇ ನನಗೆ ಗೊತ್ತಾದದ್ದು ಎಂದು ಎರಡು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ. ಆದರೆ ಓದುಗರೇ, ಗೊತ್ತಿಲ್ಲದವನು ಅಷ್ಟು ಜೋರಾಗಿ ಯಾಕೆ ಗದರಿದ? ಮಾಣಿಗೆ ಕೇಳಿಸುವ ಹಾಗೆ? ಗೊತ್ತಿತ್ತು, ಅವರ ನಾಟಕಕ್ಕೆ ಜೊತೆ ಕೊಡಲೆಂದು ಗದರಿದೆ ಎಂದುಕೊಂಡರೆ ನಾನು ಒಳ್ಳೆಯವನಾಗುತ್ತೇನೆ. ಗೊತ್ತಿತ್ತು, ನಾಚಿಕೆಯಾಯಿತು, ಅದಕ್ಕೇ ಗದರಿದೆ ಎಂದುಕೊಂಡರೆ ಕೆಟ್ಟವನಾಗುತ್ತೇನೆ. ಇನ್ನೂ ತೀರ್ಮಾನವಾಗಿಲ್ಲ.

ಅತ್ತೆ ಆಮೇಲೆ ಮಾರುಕಟ್ಟೆಗೆ ಬರಲಿಲ್ಲ. "ಕಾಲು ನೋವು," "ಬಿಸಿಲು," "ವೀಣಾನೇ ತರ್ತಾಳೆ ಬುಡು." ಮದುವೆಗಳು ತಪ್ಪಿದವು. ಎಕ್ಸ್‌ಚೇಂಜಿನ ಗೆಳತಿಯರು ತಿಂಗಳಿಗೊಮ್ಮೆ ಸೇರುವುದೂ ತಪ್ಪಿತು. ಹೋಗಲೇಬೇಕಾದ ಕಡೆಗೆ ಹೋಗುತ್ತಿದ್ದರು. ಆದರೆ ಹೇಗೆ ಹೋಗುತ್ತಿದ್ದರು ಎಂಬುದು ಈ ವರ್ಷದ ಬೇಸಿಗೆಯಲ್ಲಿ ಬಯಲಾಯಿತು. ಒಂದು ಬೆಳಿಗ್ಗೆ ಮಾತಾಡುವಾಗಲೇ ಏದುಸಿರು. ಪಾದ ಚಪ್ಪಲಿಯೊಳಗೆ ಹೋಗುತ್ತಿಲ್ಲ. ಡಾಕ್ಟರು ನೋಡಿ, "ಮಾತ್ರೆ ದಿನಾ ತಗೋತಿದೀರಾ ಅಮ್ಮ?" ಎಂದು ಕೇಳಿದರು. ಅತ್ತೆ ಗೋಡೆಯ ಕ್ಯಾಲೆಂಡರ್ ನೋಡಿದರು. ವೀಣಾ ಮನೆಯಲ್ಲಿ ಅವರ ದಿನಕ್ಕೊಂದು ಖಾನೆಯ ಮಾತ್ರೆ ಡಬ್ಬಿ ತೆಗೆದರೆ, ಹೊರಗೆ ಹೋದ ದಿನಗಳ ನೀರಿನ ಮಾತ್ರೆಗಳೆಲ್ಲ ಹಾಗೇ ಇದ್ದವು. ಡಾಕ್ಟರ ಬಳಿ ಹೋಗುವ ದಿನದ್ದೂ.

"ಇನ್ನೊಂದ್ ಸಲ ಹೀಗೆ ಮಾಡ್ಕೊಂಡ್ರೆ ಆಸ್ಪತ್ರೆಗೆ ಸೇರಿಸ್ಬೇಕಾಗತ್ತೆ" ಎಂದು ಡಾಕ್ಟರು ನನಗೇ ಬೈದರು. ಸರಿಯಾದವನಿಗೇ ಬೈದರು.

ಆ ಸಂಜೆ ಅತ್ತೆಯ ಮಂಚದ ಪಕ್ಕ ಕೂತು ನಾನೂ ಜೋರು ಮಾಡಿದೆ. "ನನಗೆ ಒಂದು ಮಾತು ಹೇಳಬಾರದಾಗಿತ್ತಾ?"

"ಹೇಳಿದ್ನಲ್ಲೋ" ಅಂದರು ಅತ್ತೆ, ಸಿಟ್ಟಿಲ್ಲದೆ. "ಆವತ್ತೇ ಹೇಳ್ದೆ. ಆ ಗಲ್ಲಿದು ಮುಚ್ಚಿಲ್ಲ, ಹೆಂಗಸ್ರ ಕಡೇದಕ್ಕೆ ಬೀಗ ಹಾಕಿರ್ತಾರೆ, ಹೂವಿನ ಪುಟ್ಟತಾಯಮ್ಮನ ಹತ್ರ ಕೀ ಇರತ್ತೆ, ಕೇಳಿದ್ರೆ ಕೊಡ್ತಾಳೆ ಅಂತ. 'ಇಲ್ಲ ಅತ್ತೆ, ಇದರಲ್ಲಿ ಮುಚ್ಚಿದೆ ಅಂತ ಇದೆ' ಅಂದೆ ನೀನು."

"ನಾನು ಹಾಗಂದ್ನಾ?"

"ಅಂದೆ. ನೀನು ಓದಿದೋನು, ನಿನ್ನ ಹತ್ರ ವಾದ ಮಾಡೋಕೆ ನಂಗೆ ಅಷ್ಟು ಟೈಮಿರ್ಲಿಲ್ಲ ಕಣೋ, ಅರ್ಜೆಂಟಿತ್ತು."

ವೀಣಾ ಬಾಗಿಲಲ್ಲಿ ನಿಂತು ನಕ್ಕಳು. ಅತ್ತೆಯೂ ನಕ್ಕರು. ನಾನು ನಗಲಿಲ್ಲ, ಏಕೆಂದರೆ ನನಗೆ ಅಂಥ ಮಾತು ನೆನಪೇ ಇರಲಿಲ್ಲ. ನಾನು ಆಡಿರಬಹುದಾದ ಮಾತು ಎಂಬುದರಲ್ಲಿ ಮಾತ್ರ ಅನುಮಾನವಿರಲಿಲ್ಲ.

ಮಾರನೆಯ ವಾರ ಒಬ್ಬನೇ ಹೋದೆ. ಹೂವಿನ ಸಾಲಿನ ಕೊನೆಯಲ್ಲಿ, ಗಲ್ಲಿಯ ತಿರುವಿನಲ್ಲಿ, ಪುಟ್ಟತಾಯಮ್ಮ ಕಾಕಡ ಮಲ್ಲಿಗೆ ಕಟ್ಟುತ್ತಾ ಕೂತಿದ್ದಳು. ಶೌಚಾಲಯದ ಬೀಗದ ಕೀ ಕೇಳಿದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನಿಮ್ಗ್ಯಾಕ್ ಸ್ವಾಮಿ ಹೆಂಗಸ್ರುದು? ಆ ಕಡೆ ಹೋಗಿ, ಗಂಡಸ್ರುಗೆ ಇಡೀ ಗೋಡೆನೇ ಐತೆ."

ಅತ್ತೆಯ ವಿಚಾರ ಹೇಳಿದೆ. ಮುಖ ಅರಳಿತು. "ಓ, ಫೋನಮ್ಮಾರಾ? ಎಂಗವ್ರೆ? ಬಂದು ವರ್ಸಗಟ್ಲೆ ಆಯ್ತಲ್ಲ!" ನೆಲದ ಮೇಲಿನ ಚೀಲದಿಂದ ಒಂದು ಕೀ ಎತ್ತಿ ತೋರಿಸಿದಳು, ಕೊಡಲಿಲ್ಲ. ಮೊದಲು ಬೀಗವಿಲ್ಲದೆ ಬಿಟ್ಟಿದ್ದರಂತೆ. ಕುಡುಕರು ಬಂದು ಮಲಗುತ್ತಿದ್ದರಂತೆ. ಆಗ ಹೂವಿನವರು, ಸೊಪ್ಪಿನವರು, ಬಳೆಯವರು ಸೇರಿ ತಾವೇ ಬೀಗ ತಂದರು. ಸರದಿಯ ಮೇಲೆ ತೊಳೆಯುತ್ತಾರೆ. ಯಾವ ಹೆಂಗಸು ಬಂದು ಕೇಳಿದರೂ ಕೀ ಕೊಡುತ್ತಾರೆ. ಯಾವನೋ ಬೀಗ ನೋಡಿ, ಮುಚ್ಚಿದೆ ಎಂದು ಫೋನಿಗೆ ಬರೆದಿರಬೇಕು.

"ನಾನು ಸರಿಮಾಡಿ ಹಾಕ್ತೀನಿ. ತೆರೆದಿದೆ ಅಂತ" ಅಂದೆ.

ಆಕೆಯ ಬೆರಳು ದಾರದ ಮೇಲೆ ನಿಂತಿತು. "ಬ್ಯಾಡಿ ಸ್ವಾಮಿ. ಅದ್ರಲ್ಲಿ ಹಾಕ್ಬುಟ್ರೆ ಊರೋರೆಲ್ಲ ಬತ್ತಾರೆ. ತೊಳ್ಯೋರು ನಾವು ಆರೇ ಜನ."

ನಾನು ಹಾಕಲಿಲ್ಲ. ಹಾಕದೆ ಇದ್ದದ್ದು ಸರಿಯೋ ಎಂದು ಇನ್ನೂ ಯೋಚಿಸುತ್ತೇನೆ. ಬೇರೆ ಊರಿನಿಂದ ಬಂದ, ಪುಟ್ಟತಾಯಮ್ಮನನ್ನು ಅರಿಯದ ಇನ್ನೊಬ್ಬ ಸರಸತ್ತೆ ಅದೇ ಗಲ್ಲಿಯಲ್ಲಿ ನಿಂತು ಫೋನ್ ನೋಡುತ್ತಿರಬಹುದಲ್ಲ. ಈಗ ಹೊಸ ಊರಿನಲ್ಲಿ ನಾನು ಆ್ಯಪ್ ತೆರೆದರೂ, ಮೊದಲು ಅಲ್ಲಿ ಕೂತು ವ್ಯಾಪಾರ ಮಾಡುವ ಯಾರಾದರೂ ಹೆಂಗಸನ್ನು ವೀಣಾಳ ಕೈಲಿ ಕೇಳಿಸುತ್ತೇನೆ. ನಂಜನಗೂಡಿನ ಆ ಬಂಕಿನಲ್ಲೂ ಹಾಗೇ ಮಾಡಿದೆ.

ಅತ್ತೆ ಹೊರಡಲು ಇನ್ನೂ ಎರಡು ವಾರ ಹಿಡಿಯಿತು. ಹೊರಡುವ ಬೆಳಿಗ್ಗೆ ವೀಣಾ ನೀರಿನ ಮಾತ್ರೆಯನ್ನು ಅಂಗೈಯಲ್ಲಿಟ್ಟು ನಿಂತಳು. ಅತ್ತೆ ನನ್ನ ಮುಖ ನೋಡಿದರು, ನಾನು ಫೋನನ್ನು ಮೇಜಿನ ಮೇಲೆ ಬಿಟ್ಟು ಎದ್ದೆ. ಮಾತ್ರೆ ನುಂಗಿದರು. ಮಾರುಕಟ್ಟೆಯಲ್ಲಿ ಪುಟ್ಟತಾಯಮ್ಮ "ಬನ್ನಿ ಫೋನಮ್ಮಾರೇ" ಎಂದು ಎದ್ದು ಬಂದು ಕೈ ಹಿಡಿದುಕೊಂಡಳು. ಇಬ್ಬರೂ ಗಲ್ಲಿಯೊಳಗೆ ಹೋದರು. ಹೂವಿನ ಬುಟ್ಟಿಗೆ ನಾನು ಕಾವಲು.

ಅತ್ತೆ ಆವತ್ತು ಆ ಮಾತು ಹೇಳಿದ್ದರೋ ಇಲ್ಲವೋ, ಅದನ್ನು ಪರೀಕ್ಷಿಸಲು ಈಗ ಯಾವ ದಾರಿಯೂ ಇಲ್ಲ. ಪರೀಕ್ಷಿಸಬಹುದಾದದ್ದನ್ನು ಮಾತ್ರ ಪರೀಕ್ಷಿಸಿದ್ದೇನೆ. ಎರಡು ವರ್ಷದ ಹಿಂದೆ ನಾವಿಬ್ಬರು ನಿಂತಿದ್ದ ಆ ತಿರುವಿನಿಂದ ಹೆಂಗಸರ ಬಾಗಿಲಿಗೆ ನನ್ನ ಕಾಲಿನಲ್ಲಿ ಇಪ್ಪತ್ತೆರಡು ಹೆಜ್ಜೆ. ಬಾವು ಇಳಿದ ಸರಸತ್ತೆಯ ಕಾಲಿನಲ್ಲಿ ಮೂವತ್ತೊಂದು.