ಅಮೀರುನ್ನೀಸಾನ ಅಡಕಿ ಸಂಚಿ

ಭಾಂಡುಪಿನ ನಮ್ಮ ಚಾಳಿನಾಗ ಸೀರಿಗೆ ಫಾಲ್ ಹಚ್ಚಿಕೋತ ಮುದುಕಿ ಆದಾಕಿ ಅಮೀರುನ್ನೀಸಾ. ಬಾಯಾಗ ಸದಾ ಎಲಿ-ಅಡಕಿ, ಕೈಯಾಗ ಅದರ ಸಂಚಿ. ಬಿ.ಪಿ. ಏರಿದಾಗ ಮಗ ಅಕೀಲ ದವಾಖಾನಿಗೆ ಅಡ್ಮಿಟ್ ಮಾಡಿದ. ಅವನ ಕಂಪನಿ ಇನ್ಶೂರನ್ಸಿನ ನ್ಯಾಯ ಕೇಳ್ರಿ: ದವಾಖಾನ್ಯಾಗ ಮಲಗಿದ್ರ ಗುಳಿಗಿ ಪುಕ್ಕಟೆ, ಅದ ಗುಳಿಗಿ ಮನ್ಯಾಗ ನುಂಗಿದ್ರ ನಿಮ್ಮ ರೊಕ್ಕ!

ಮುದುಕಿ ಇದನ್ನ ಕೇಳಿಸಿಕೊಂಡ್ಲು. ನರ್ಸ್ ಕೊಟ್ಟ ಗುಳಿಗೀನ ಅಡಕಿಹಂಗ ದವಡ್ಯಾಗ ಒತ್ತಿಟ್ಟು, ನರ್ಸ್ ಅತ್ಲಾಗ ಹೋದ ಕೂಡ್ಲೇ ತಗದು ಸಂಚ್ಯಾಗ ಹಾಕಿದ್ಲು. ಮನಿಗೆ ಬೇಕಲ್ಲ! ದಿನಾ ಇದ ಆತು.

ಬಿ.ಪಿ. ಹೆಂಗ ಇಳೀತದ? ಗುಳಿಗಿ ಸಾಲವಲ್ದು ಅಂತ ಡಾಕ್ಟರ್ ಡೋಸ್ ಏರಿಸಿದ್ರು, ಹೊಸ ಡೋಸ್ ತಪ್ಪಬಾರದಂತ ನರ್ಸ್ ಎದುರಿಗೇ ನಿಂತು, ಬಾಯಿ ತೆಗೆಸಿ ನೋಡಿ ನುಂಗಿಸಿದ್ಲು. ಆ ಹೆಚ್ಚಿನ ಡೋಸಿಗೆ ತಲಿ ಗಿರ್ರ್ ಅಂದು, ಪಾಯಖಾನಿಗೆ ಹೊಂಟಾಕಿ ಬಿದ್ದು ಸೊಂಟ ಮುರಕೊಂಡ್ಲು.

ಸೊಂಟದ ಆಪರೇಶನ್ನಿನ ಲಕ್ಷಗಟ್ಟಲೆ ಬಿಲ್ಲನ್ನ ಇನ್ಶೂರನ್ಸಿನವರು ಚಕಾರ ಎತ್ತದ ಕಟ್ಟಿದ್ರು. ಮನಿಗೆ ಬರೆದುಕೊಟ್ಟ ಬಿ.ಪಿ. ಗುಳಿಗಿ? ಅದಕ್ಕ ನಯಾಪೈಸೆ ಇಲ್ಲಂತ.

ಈಗ ಆಕಿ ಮಂಚ ಬಿಟ್ಟು ಏಳಂಗಿಲ್ಲ. ನಿನ್ನೆ ನೋಡಾಕ ಹೋದ್ರ ಸಂಚಿ ಬಿಚ್ಚಿ ತೋರಿಸಿ ನಕ್ಕಳು: “ಈ ವಾರದ ಗುಳಿಗಿ ರೊಕ್ಕ ಉಳೀತು ನೋಡವ್ವ.”