ಸಂಡೂರಿನ ಕಪ್ಪು ಪುಡಿ

ಹೊಸಪೇಟೆಯಲ್ಲಿ ಇಳಿದಾಗ ಬೆಳಗಿನ ಬಿಸಿಲೇ ಚುರುಗುಟ್ಟುತ್ತಿತ್ತು. ದಾವಣಗೆರೆಯಿಂದ ಆಧಾರ್ ಕಾರ್ಡ್ ತೋರಿಸಿ ಪುಕ್ಕಟೆ ಟಿಕೆಟಿನಲ್ಲಿ ಬಂದಿದ್ದೆ. ನಿಲ್ದಾಣದ ಎದುರು ಒಗ್ಗಾಣಿ, ಮಿರ್ಚಿ ತಿಂದು ಸಂಡೂರಿನ ಬಸ್ಸು ಹತ್ತಿದೆ.

ಹೋಗುತ್ತಿದ್ದದ್ದು ಪಂಪಾಪತಿಯ ಮನೆಗೆ. ಎಂ.ಎಸ್ಸಿ.ಯಲ್ಲಿ ನನ್ನ ಸಹಪಾಠಿ. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಲು ಹೋದೆ, ಅವನು ಸಂಡೂರಿನ ಹತ್ತಿರ ಒಂದು ಮ್ಯಾಂಗನೀಸ್ ಕಂಪನಿಯ ಪ್ರಯೋಗಾಲಯ ಸೇರಿದ. ಕಿಟಕಿಯಿಲ್ಲದ ಕೋಣೆಯಲ್ಲಿ ಅದಿರು ಪುಡಿ ಮಾಡಿ ಪರೀಕ್ಷಿಸುವ ಕೆಲಸ. ಈಗ ಅವನ ನಡಿಗೆ ಕೆಟ್ಟಿತ್ತು. ಕಂಪನಿ ಕೆಲಸ ಬಿಡಿಸಿ ಮನೆಗೆ ಕಳಿಸಿತ್ತು. ಕಾಯಿಲೆ ಕೆಲಸದಿಂದ ಬಂದದ್ದಲ್ಲ ಎನ್ನುತ್ತಿತ್ತು. ಮರುದಿನ ಕಂಪನಿಯಲ್ಲಿ ಪರಿಹಾರದ ವಿಚಾರಣೆ. "ಓದಿದವ್ರು ನೀವು, ಬಂದು ನಾಲ್ಕ್ ಮಾತು ಹೇಳ್ರಿ ಅಕ್ಕಾ" ಎಂದು ಅವನ ಹೆಂಡತಿ ಗಿರಿಜಾ ಫೋನಿನಲ್ಲಿ ಅತ್ತಿದ್ದಳು.

ದಾರಿಯುದ್ದಕ್ಕೂ ಅದಿರಿನ ಲಾರಿಗಳು. ಕಿಟಕಿ ಮುಚ್ಚಿದರೂ ಕೆಂಪು ಧೂಳು ಒಳಗೆ ಬರುತ್ತಿತ್ತು. ಆ ಕೆಂಪು ಬಣ್ಣ ಕಬ್ಬಿಣದ ಅದಿರಿನದು. ಮ್ಯಾಂಗನೀಸಿನ ಕಲ್ಲು ಕಪ್ಪು. ಆ ಕಪ್ಪು ಕಲ್ಲಿನ ಚರಿತ್ರೆಯನ್ನು ವಿಚಾರಣೆಯಲ್ಲಿ ಹೇಳುವುದಕ್ಕೆಂದೇ ಓದಿಕೊಂಡು ಬಂದಿದ್ದೆ. ಅದರೊಳಗೆ ಲೋಹವಿದೆಯೆಂದು ತಿಳಿಯುವ ಮೊದಲೇ ಗಾಜು ಮಾಡುವವರು ಅದನ್ನು ಚಿಟಿಕೆ ಬೆರೆಸಿ ಗಾಜಿನ ಹಸಿರು ಛಾಯೆ ತೆಗೆಯುತ್ತಿದ್ದರು. ಆಮೇಲೆ ಸ್ವೀಡನ್ನಿನ ಒಬ್ಬ ಔಷಧ ತಯಾರಕ ಅದರ ಮೇಲೆ ಆಮ್ಲ ಹೊಯ್ದು ಉಸಿರುಗಟ್ಟಿಸುವ ಹಳದಿ-ಹಸಿರು ಅನಿಲ ಕಂಡ. ಆ ಕ್ಲೋರಿನ್‌ನಿಂದ ಬ್ಲೀಚಿಂಗ್ ಪೌಡರ್ ಹುಟ್ಟಿತು, ಬಟ್ಟೆಗಳು ಬೆಳ್ಳಗಾದವು. ಆ ಕಾರ್ಖಾನೆಗಳಲ್ಲಿ ಕಪ್ಪು ಕಲ್ಲು ಅರೆಯುತ್ತಿದ್ದ ಕೂಲಿಗಳು ಅದರ ಪುಡಿ ಉಸಿರಾಡಿ ಒಬ್ಬೊಬ್ಬರಾಗಿ ಮುಗ್ಗರಿಸತೊಡಗಿದರು. ಸ್ಕಾಟ್ಲೆಂಡಿನ ಒಬ್ಬ ವೈದ್ಯ ಅದನ್ನು ಆಗಲೇ ಬರೆದಿಟ್ಟ. ಉಕ್ಕಿಗೆ, ಬ್ಯಾಟರಿಗೆ ಮ್ಯಾಂಗನೀಸ್ ಬೇಕಾದದ್ದು ಆಮೇಲೆ. ಉಪಯೋಗಗಳೆಲ್ಲ ನಮ್ಮ ಪಠ್ಯಪುಸ್ತಕದಲ್ಲಿವೆ. ಆ ಕೂಲಿಗಳು ಇಲ್ಲ.

ಪಂಪಾಪತಿ ಕಂಪನಿ ಕ್ವಾರ್ಟರ್ಸಿನ ಬಾಗಿಲಲ್ಲೇ ಕೂತಿದ್ದ. ಕಾಲೇಜಿನಲ್ಲಿ ಎಲ್ಲರನ್ನೂ ನಗಿಸುತ್ತಿದ್ದವನ ಮುಖ ಈಗ ಬಡಗಿ ಮರದಲ್ಲಿ ಕೆತ್ತಿಟ್ಟಂತಿತ್ತು. ನಾನು ಚೀಲ ಕೆಳಗಿಟ್ಟು ಅವನ ಎದುರು ಕೂತೆ.

"ನಗಾಕತ್ತೀನಿ ಸುಮಿತ್ರಾ," ಎಂದ ತಗ್ಗಿದ ದನಿಯಲ್ಲಿ. "ಮುಖಕ್ಕ ಗೊತ್ತಾಗವಲ್ದು."

ಗಿರಿಜಾ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು. ಅವನಿಗೆ ರೊಟ್ಟಿ ಮುರಿದು ಕೊಟ್ಟು, ನನ್ನ ಕಡೆ ನೋಡದೆ ಹೇಳಿದಳು: "ಡಾಕ್ಟ್ರು ನರದ ರೋಗ ಅಂತ ಬರದಾರ್ರಿ. ಯಾತರಿಂದ ಬಂತು ಅಂತ ಬರಿಯಂಗಿಲ್ಲ."

ಮರುದಿನ ಮೂವರೂ ಬಸ್ಸಿನಲ್ಲಿ ಹೊಸಪೇಟೆಗೆ ಬಂದೆವು. ಕಂಪನಿಯ ಕಚೇರಿಯಲ್ಲಿ ಎ.ಸಿ. ತಣ್ಣಗಿತ್ತು. ಮೇಜಿನ ಆಚೆ ಒಬ್ಬ ಹಿರಿಯ ಅಧಿಕಾರಿ, ಪಕ್ಕದಲ್ಲಿ ಕಂಪನಿಯ ಯುವ ವೈದ್ಯ.

"ಸ್ವಲ್ಪ ನಡೀರಿ, ನೋಡೋಣ," ಎಂದರು ಅಧಿಕಾರಿ.

ಪಂಪಾಪತಿ ತುದಿಗಾಲಲ್ಲಿ ಬಾಗಿಲವರೆಗೆ ನಡೆದ.

"ನಡೀತಾರಲ್ರಿ!"

"ಹಿಂದಕ್ಕೆ ಎರಡು ಹೆಜ್ಜೆ ಇಡಿಸಿ ನೋಡಿ ಸರ್," ಎಂದೆ. ಮ್ಯಾಂಗನೀಸಿನ ವಿಷ ತಗುಲಿದವರು ಹಿಂದಕ್ಕೆ ನಡೆಯಲಾರರು ಎಂದು ಓದಿದ್ದೆ.

ಪಂಪಾಪತಿ ನನ್ನ ಮುಖ ನೋಡಿದ. ಒಂದು ಕಾಲು ಹಿಂದಕ್ಕೆ ತೆಗೆದವನೇ ಕೈ ಕೂಡ ಊರದೆ ಮರದ ದಿಮ್ಮಿಯಂತೆ ಉರುಳಿದ. ಗಿರಿಜಾ ಹಿಡಿಯುವಷ್ಟರಲ್ಲಿ ತಲೆ ಕುರ್ಚಿಗೆ ಬಡಿದಿತ್ತು. ಅವನನ್ನು ಎತ್ತಿ ಕೂರಿಸಿ, ಆ ಹಳೆಯ ಕೂಲಿಗಳ ಕಥೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಯುವ ವೈದ್ಯ ಮೇಜು ನೋಡುತ್ತ ಕೂತಿದ್ದ.

"ನೀವು ಡಾಕ್ಟರ್ ಏನ್ರಿ ಮೇಡಂ?" ಎಂದರು ಅಧಿಕಾರಿ.

"ಕೆಮಿಸ್ಟ್ರಿ ಲೆಕ್ಚರರ್."

"ಹಂಗಾದ್ರ ಕೆಮಿಸ್ಟ್ರಿ ನೀವ್ ಹೇಳ್ರಿ. ರೋಗ ನಮ್ಮ ಡಾಕ್ಟರ್ ಹೇಳ್ತಾರ."

ವೈದ್ಯ ತಲೆ ಎತ್ತದೆ, "ಖಚಿತವಾಗಿ ಹೇಳಾಕಾಗಂಗಿಲ್ಲ ಸರ್," ಎಂದ. ಪರಿಹಾರದ ಮಾತು ಅಲ್ಲಿಗೆ ಮುಗಿಯಿತು.

ಹೊರಗೆ ಆ ವೈದ್ಯನೇ ನನ್ನ ಹಿಂದೆ ಬಂದ. "ನೀವು ಹೇಳಿದ್ದು ಖರೆ ಐತ್ರಿ ಮೇಡಂ. ನಾನೂ ಓದೀನಿ."

"ಒಳಗೆ ಯಾಕೆ ಹೇಳಲಿಲ್ಲ?"

"ನಂದೂ ನೌಕರಿ ಐತಲ್ರಿ," ಎಂದು ಮೆಟ್ಟಿಲಿಳಿದು ಹೋದ. ಅಧಿಕಾರಿಯ ಮೇಲೆ ಬಾರದಷ್ಟು ಸಿಟ್ಟು ನನಗೆ ಅವನ ಮೇಲೆ ಬಂತು.

ಕೆಲಸವಿಲ್ಲದ ಮೇಲೆ ಕ್ವಾರ್ಟರ್ಸ್ ಬಿಡಲೇಬೇಕಿತ್ತು. ಮೂರನೆಯ ದಿನ ಸಾಮಾನು ಟೆಂಪೋದಲ್ಲಿ ಗಿರಿಜಾಳ ತವರು ಕಂಪ್ಲಿಗೆ ಹೋಯಿತು. ನಾನೂ ಅವರೊಂದಿಗೆ ಬಸ್ಸಿನಲ್ಲಿ ಹೋದೆ. ಕಮಲಾಪುರದಲ್ಲಿ ಹಂಪಿಗೆ ಹೋಗುವವರು ಟೋಪಿ, ಕ್ಯಾಮೆರಾ ಹೊತ್ತು ಇಳಿದರು. ಮುಂದೆ ಬಾಳೆ, ಭತ್ತ, ಕಾಲುವೆಯ ನೀರು.

ಕಂಪ್ಲಿಯ ನಿಲ್ದಾಣದ ಎದುರಿಗೇ ಗಿರಿಜಾಳ ಅಣ್ಣನ ಅಕ್ಕಿ ಗಿರಣಿ. ಅವರು ಆಗಲೇ ಬಾಗಿಲಲ್ಲಿ ಕುರ್ಚಿ ಹಾಕಿಸಿದ್ದರು. "ಭಾವ, ನೀವು ಇಲ್ಲಿ ಸುಮ್ನ ಕುಂತು ನೋಡ್ಕೊಂಡ್ರ ಸಾಕ್ರಿ," ಎಂದರು ಪ್ರೀತಿಯಿಂದ.

ಕೋರ್ಟಿಗೆ ಹೋಗೋಣ, ಬೇರೆ ಡಾಕ್ಟರನ್ನು ಹುಡುಕೋಣ ಎಂದೆ. ಗಿರಿಜಾ ತಕ್ಷಣ, "ಹೋಗಾದ ರೀ ಅಕ್ಕಾ, ನಾ ಬಿಡಂಗಿಲ್ಲ," ಎಂದಳು. ಪಂಪಾಪತಿ ಬೇರೆಯದನ್ನೇ ಕೇಳಿದ.

"ಹುಡುಗರಿಗೆ ಆ ಕೂಲಿಗಳ ಕಥೀನ ಪಾಠ ಮಾಡ್ತೀ?"

"ಮಾಡ್ತೀನಿ."

"ಪರೀಕ್ಷಾಕ್ಕ ಬರಂಗಿಲ್ಲಲ್ಲ ಇದು."

"ಇಲ್ಲ."

"ಹಂಗಾರ ಯಾರೂ ಬರಕೊಳ್ಳಂಗಿಲ್ಲ ಬಿಡು."

ಹೊಸಪೇಟೆಯ ಬಸ್ಸು ಬಂತು. ಹತ್ತಿ ಕೂತು ತಿರುಗಿ ನೋಡಿದೆ. ಗಿರಣಿ ಶುರುವಾಗಿ ಬಾಗಿಲಿನಿಂದ ತೌಡಿನ ಧೂಳು ಹೊರಗೆ ಏಳುತ್ತಿತ್ತು. ಗಿರಿಜಾ ಕುರ್ಚಿಯ ಹಿಂದೆ ನಿಂತು, ತನ್ನ ಸೆರಗಿನಿಂದ ಅವನ ಮೂಗು ಬಾಯಿ ಒತ್ತಿ ಮುಚ್ಚಿ ಹಿಡಿದಿದ್ದಳು.